ಹೊಸಪೇಟೆ ಹತ್ರ ಬಂದ್ರೆ ಕೆಮ್ಮುತ್ತಿದ್ದ ಗಾಡಿ

ಬಳ್ಳಾರಿಯಲ್ಲಿ ಗಾಡಿ ಕೈಕೊಟ್ಟರೆ ಮೊದಲು ಬೈಸಿಕೊಳ್ಳೋದು ಬಿಸಿಲು. ಏಪ್ರಿಲ್ ತಿಂಗಳಲ್ಲಿ ನಾನೂ ಮೂರು ವಾರ ಅದನ್ನೇ ಬೈದೆ. ಆ ಮೂರು ವಾರದಲ್ಲಿ ಕಲಿತದ್ದನ್ನು ಇಸಿಯು (ಇಂಜಿನ್‌ಗೆ ಪೆಟ್ರೋಲ್, ಸ್ಪಾರ್ಕ್ ಯಾವಾಗ ಕೊಡಬೇಕು ಅಂತ ನಿರ್ಧರಿಸುವ ಪುಟ್ಟ ಕಂಪ್ಯೂಟರ್) ಒಳಗೆ ಕೂರುವ ಕೋಡ್, ಅಂದರೆ ಫರ್ಮ್‌ವೇರ್, ಬರೆಯಲು ಕೈ ಹಾಕಿರುವ ಹುಡುಗರಿಗೆ ಹೇಳಲೇಬೇಕು ಅನ್ನಿಸಿ ಬರೀತಿದ್ದೀನಿ.

ನಮ್ಮದು ಕೌಲ್ ಬಜಾರ್ ಕಡೆಯ ಸಣ್ಣ ಗ್ಯಾರೇಜ್. ಹಳೇ ಕಾರ್ಬೊರೇಟರ್ ಇಂಜಿನ್‌ಗೆ ಇಂಜೆಕ್ಟರ್ ಕೂರಿಸಿ, ಅದನ್ನು ನಡೆಸುವ ಇಸಿಯು ನಾವೇ ಮಾಡುತ್ತೇವೆ. ಬೋರ್ಡ್ ಮತ್ತು ಕೋಡ್ ನನ್ನ ಕೆಲಸ. ಇಂಜಿನ್ ಕೆಲಸ ನಮ್ಮ ಗ್ಯಾರೇಜಿನ ಚಾಚಾ ಅವರದು. ಪರೀಕ್ಷೆಗೆ ಇರೋದು ಓನರ್ ಅವರ ಹಳೇ ಮಾರುತಿ 800, ಮೂರು ಸಿಲಿಂಡರ್, 796 ಸಿಸಿ. ಬೋರ್ಡಿನಲ್ಲಿ ಇರೋದು ಆರ್ಡುಯಿನೋ ಮೆಗಾ ಅನ್ನುವ ರೆಡಿಮೇಡ್ ಬೋರ್ಡಿನ ಚಿಪ್, 16 ಮೆಗಾಹರ್ಟ್ಸ್. ಆಸ್ಟ್ರೇಲಿಯಾದ ಜೋಶ್ ಸ್ಟೀವರ್ಟ್ ಶುರು ಮಾಡಿದ ಸ್ಪೀಡುಯಿನೋ ಅನ್ನುವ ಇಸಿಯು ಕೂಡ ಇದೇ ಮೆಗಾ ಮೇಲೆ ಓಡುತ್ತದೆ. ಅದರ ಕೋಡ್ ಎಲ್ಲರಿಗೂ ತೆರೆದಿದೆ, ನಾನು ಕಲಿತದ್ದು ಅದನ್ನು ಓದಿಯೇ. ಆದರೆ ಈ ಗಾಡಿಯಲ್ಲಿ ಇದ್ದದ್ದು ಪೂರ್ತಿ ನಾನು ಬರೆದ ಕೋಡ್. ತಪ್ಪೂ ನನ್ನದೇ.

ಗಾಡಿ ಊರೊಳಗೆ ಚೆನ್ನಾಗಿ ಓಡುತ್ತಿತ್ತು. ಹೊಸಪೇಟೆಗೆ ಸುಮಾರು 60 ಕಿಲೋಮೀಟರ್. ಕುಡಿತಿನಿ ದಾಟಿತು, ತೋರಣಗಲ್ಲು ದಾಟಿತು, ಅದಿರಿನ ಲಾರಿಗಳ ಹಿಂದೆ ನಿಧಾನಕ್ಕೆ ಹೋದೆವು. ಇನ್ನೇನು ಹೊಸಪೇಟೆ ಬಂತು ಅನ್ನುವಾಗ ಒಂದು ಜರ್ಕ್. ಯಾರೋ ಪೆಟ್ರೋಲ್ ಪೈಪ್ ಹಿಚುಕಿ ಬಿಟ್ಟ ಹಾಗೆ. ಬದಿಗೆ ಹಾಕಿ, ಕೀ ತೆಗೆದು, ಬಾನೆಟ್ ಎತ್ತಿ, ಬೇವಿನ ಮರದ ಕೆಳಗೆ ಇಪ್ಪತ್ತು ನಿಮಿಷ ಕೂತೆವು. ಆಮೇಲೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೇನೋ ಎಂಬಂತೆ ಬಳ್ಳಾರಿವರೆಗೂ ಬಂತು. ಎರಡನೇ ಸಲವೂ ಹಾಗೇ. ಮೂರನೇ ಸಲ ಊರ ಬಾಗಿಲಲ್ಲಿ ನ್ಯೂಟ್ರಲ್‌ನಲ್ಲಿ ನಿಂತಿದ್ದಾಗ ಪೂರ್ತಿ ಬಂದ್ ಬಿತ್ತು.

ಬಿಸಿಯಾದರೆ ಕೆಡುತ್ತೆ, ಆರಿದರೆ ಸರಿಹೋಗುತ್ತೆ. ಇನ್ನೇನು ಸಾಕ್ಷಿ ಬೇಕು ಅಂದುಕೊಂಡೆ. ಬೋರ್ಡನ್ನು ಇಂಜಿನ್ ಪಕ್ಕದಿಂದ ಕಿತ್ತು ಡ್ಯಾಶ್‌ಬೋರ್ಡ್ ಕೆಳಗೆ ತಂದೆ. ಫ್ಯಾನ್ ಹಾಕಿದೆ. ಸ್ಪಾರ್ಕ್ ಕೊಡುವ ಕಾಯಿಲ್ ಬದಲಿಸಿದೆ. ಪೈಪಿನಲ್ಲಿ ಪೆಟ್ರೋಲ್ ಆವಿ ಕಟ್ಟುತ್ತಿದೆ ಅಂತ ಪೈಪಿಗೆಲ್ಲ ಸುತ್ತಿದೆ. ದುಡ್ಡೂ ಹೋಯಿತು, ದಿನಗಳೂ ಹೋದವು, ಜರ್ಕ್ ಮಾತ್ರ ಹೋಗಲಿಲ್ಲ.

ಒಂದು ಸಂಜೆ ಒಗ್ಗರಣೆ ಮಿರ್ಚಿ ತಿನ್ನುತ್ತಾ ಚಾಚಾ ಕೇಳಿದರು: "ತಮ್ಮಾ, ಗಾಡಿ ನಿಂತ ಕೂಡ್ಲೇ ಕೀ ತಿರುವಿ ನೋಡಿಯೇನು?"

"ಇಲ್ಲ ಚಾಚಾ, ಆರಲಿ ಅಂತ ಬಿಟ್ಟಿದ್ವಿ."

"ಹಂಗಾದ್ರೆ ಆರಿದ್ದಕ್ಕೇ ಸರಿಹೋತು ಅಂತ ನಿನಗೆ ಯಾರು ಹೇಳಿದ್ರು?"

ಈ ಪ್ರಶ್ನೆ ನನಗೆ ಮೊದಲೇ ಹೊಳೆಯಬೇಕಿತ್ತು. ಮರುದಿನ ಬೆಳಗ್ಗೆ ಐದೂವರೆಗೇ ಹೊರಟೆವು, ತಂಪು ಹೊತ್ತಲ್ಲಿ. ಜರ್ಕ್ ಬಂತು. ನಿಲ್ಲಿಸಿ ಕೀ ತೆಗೆದು ಕೂಡಲೇ ಹಾಕಿದೆ. ತಕ್ಷಣ ಸ್ಟಾರ್ಟ್ ಆಯಿತು. ಬಿಸಿಯಾದ ಕಾಯಿಲ್ ಎರಡು ಸೆಕೆಂಡಿನಲ್ಲಿ ಆರುವುದಿಲ್ಲ, ಅಲ್ವಾ?

ಲ್ಯಾಪ್‌ಟಾಪಿನಲ್ಲಿ ಲಾಗ್, ಅಂದರೆ ಓಡುವಾಗ ಇಸಿಯು ಕೊಟ್ಟ ಅಂಕಿಗಳ ದಾಖಲೆ, ತೆಗೆದೆ. ಇಷ್ಟು ದಿನ ಟೆಂಪರೇಚರ್ ಕಾಲಂ ಮಾತ್ರ ನೋಡುತ್ತಿದ್ದೆ. ಈ ಸಲ ಕೀ ಹಾಕಿದ ಮೇಲಿನ ಸೆಕೆಂಡುಗಳ ಕಾಲಂ ನೋಡಿದೆ. ಆರ್‌ಪಿಎಂ ಸೊನ್ನೆಗೆ ಬಿದ್ದ ಸಾಲಿನಲ್ಲಿ 4294 ಅಂತ ಇತ್ತು. ಹಿಂದಿನ ಮೂರು ಲಾಗ್ ತೆರೆದೆ. 4294, 4294, 4294.

ಈ ಚಿಪ್‌ಗೆ ಬರೆಯುವವರಿಗೆ ಈ ಸಂಖ್ಯೆ ಕಂಡರೆ ಮೈ ಜುಂ ಅನ್ನುತ್ತೆ. ಮೈಕ್ರೋಸೆಕೆಂಡ್ ಎಣಿಸುವ ಕೌಂಟರ್ 32 ಬಿಟ್‌ನದು. 4,29,49,67,295 ಆದ ಮೇಲೆ ಅದು ಮತ್ತೆ ಸೊನ್ನೆಯಿಂದ ಶುರು. ಲೆಕ್ಕ ಹಾಕಿದರೆ 4294 ದಾಟಿ ಇನ್ನೇನು 4295 ಸೆಕೆಂಡ್, ಅಂದರೆ 71 ನಿಮಿಷ 35 ಸೆಕೆಂಡ್. ನಮ್ಮ ರಸ್ತೆಯಲ್ಲಿ, ಆ ಲಾರಿಗಳ ನಡುವೆ, ಬಳ್ಳಾರಿಯಿಂದ ಹೊಸಪೇಟೆ ಮುಟ್ಟಲು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಕೀ ತೆಗೆದರೆ ಎಣಿಕೆ ಹೊಸದಾಗಿ ಶುರುವಾಗುತ್ತೆ, ಅದಕ್ಕೇ ವಾಪಸ್ ಬರುವಾಗ ತೊಂದರೆ ಇರಲಿಲ್ಲ. ಊರೊಳಗೆ ಮೋತಿ ಸರ್ಕಲ್, ರಾಯಲ್ ಸರ್ಕಲ್ ಸುತ್ತಿ ಬರಲು ಅರ್ಧ ಗಂಟೆ ಸಾಕು, ಅದಕ್ಕೇ ಅಲ್ಲಿ ಯಾವತ್ತೂ ಸಿಕ್ಕಿರಲಿಲ್ಲ.

ತಪ್ಪಿದ್ದದ್ದು ಒಂದೇ ಸಾಲಿನಲ್ಲಿ. ಕ್ರ್ಯಾಂಕ್‌ಗೆ, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡಕ್ಕೆ, 36 ಹಲ್ಲಿನ ಚಕ್ರ ಹಾಕಿದ್ದೇವೆ, ಒಂದು ಹಲ್ಲು ಬೇಕಂತಲೇ ಕಿತ್ತಿದ್ದೇವೆ. ಆ ಖಾಲಿ ಜಾಗ ನೋಡಿಯೇ ಕ್ರ್ಯಾಂಕ್ ಎಲ್ಲಿದೆ ಅಂತ ಇಸಿಯುಗೆ ತಿಳಿಯೋದು. ಕೊನೆಯ ಹಲ್ಲು ಬಂದಾಗ ಕೌಂಟರ್‌ನಲ್ಲಿದ್ದ ಸಂಖ್ಯೆಗೆ 2,00,000 ಮೈಕ್ರೋಸೆಕೆಂಡ್ ಕೂಡಿಸಿ, ಈಗಿನ ಹೊತ್ತು ಅದಕ್ಕಿಂತ ಜಾಸ್ತಿ ಇದ್ದರೆ ಇಂಜಿನ್ ನಿಂತಿದೆ, ಪೆಟ್ರೋಲ್ ಪಂಪ್ ಬಂದ್ ಮಾಡು ಅಂತ ಬರೆದಿದ್ದೆ. ಓದಲು ಸರಿಯಾಗೇ ಇದೆ.

ಚಾಚಾಗೆ ಇದನ್ನು ಹಳೇ ಗಾಡಿಯ ಕಿಲೋಮೀಟರ್ ಮೀಟರ್ ತೋರಿಸಿ ವಿವರಿಸಿದೆ. ಮೀಟರ್ 99,990ರಲ್ಲಿದೆ, ಇನ್ನು 50 ಕಿಲೋಮೀಟರಿಗೆ ಆಯಿಲ್ ಬದಲಿಸಬೇಕು. ಅಂದರೆ 00040ಕ್ಕೆ. ಈಗ ಹುಡುಗನಿಗೆ 'ಮೀಟರ್ 40 ದಾಟಿದೆಯಾ ನೋಡು' ಅಂದರೆ ಅವನು 99,990 ನೋಡಿ 'ಯಾವಾಗಲೋ ದಾಟಿದೆ' ಅಂತಾನೆ. ನನ್ನ ಕೋಡ್ ಕೂಡ ಹಾಗೇ ಅಂದಿತು. ಕೌಂಟರ್ ತಿರುಗುವ ಮುಂಚಿನ ಕೊನೆಯ 0.2 ಸೆಕೆಂಡ್, ಓಡುತ್ತಿರುವ ಇಂಜಿನ್ ನಿಂತಿದೆ ಅಂತ ತಿಳಿದು ಪಂಪ್ ಕಟ್ ಮಾಡಿತು. ಗೇರಿನಲ್ಲಿದ್ದರೆ ಚಕ್ರ ಇಂಜಿನ್ ತಿರುಗಿಸುತ್ತಿರುತ್ತೆ, ಜರ್ಕ್‌ನಲ್ಲಿ ಮುಗಿಯುತ್ತೆ. ಐಡಲ್‌ನಲ್ಲಿದ್ದರೆ ಬಂದ್.

ಕೂಡಿಸಬಾರದು, ಕಳೆಯಬೇಕು. ಈಗಿನ ಹೊತ್ತಿನಿಂದ ಕೊನೆಯ ಹಲ್ಲಿನ ಹೊತ್ತು ಕಳೆದು, ಬಂದ ಅಂತರ 2,00,000 ದಾಟಿತಾ ಅಂತ ಕೇಳಬೇಕು. ಎರಡೂ ಸಂಖ್ಯೆ ಪ್ಲಸ್-ಮೈನಸ್ ಚಿಹ್ನೆ ಇಲ್ಲದ (unsigned) 32 ಬಿಟ್ ಆಗಿದ್ದರೆ, ಕೌಂಟರ್ ತಿರುಗಿದರೂ ಅಂತರ ಸರಿಯಾಗೇ ಬರುತ್ತೆ.

ಬದಲಿಸಿ ಟೇಬಲ್ ಮೇಲೆ ಇಟ್ಟೆ. ಅಲ್ಲಿ ಇಂಜಿನ್ ಬದಲು ಇನ್ನೊಂದು ಬೋರ್ಡ್, ಆರ್ಡುಯಿನೋ ಯುನೋ, ಹಲ್ಲಿನ ಚಕ್ರದ ಸಿಗ್ನಲ್ ಕೊಡುತ್ತೆ. ನೋಡಿದರೆ ಮೊದಲಿಗಿಂತ ಕೆಟ್ಟದು! ಸೆಕೆಂಡಿಗೆ ಒಂದೆರಡು ಸಲ 'ಇಂಜಿನ್ ನಿಂತಿದೆ' ಅನ್ನುತ್ತಿದೆ, ಆರ್‌ಪಿಎಂ ಏರಿಸಿದರೆ ಇನ್ನೂ ಜಾಸ್ತಿ. ಆ ರಾತ್ರಿ ಹನ್ನೊಂದರವರೆಗೆ ಕೂತೆ. ನಾನು ಈಗಿನ ಹೊತ್ತು ಮೊದಲು ಓದಿ, ಕೊನೆಯ ಹಲ್ಲಿನ ಹೊತ್ತು ಆಮೇಲೆ ಓದುತ್ತಿದ್ದೆ. ಆ ಎರಡರ ನಡುವೆ ಹೊಸ ಹಲ್ಲು ಬಂದು ಇಂಟರಪ್ಟ್ ಆದರೆ (ಚಿಪ್ ಕೈಲಿರೋ ಕೆಲಸ ನಿಲ್ಲಿಸಿ ಆ ಹಲ್ಲಿನ ಹೊತ್ತು ಬರೆದುಕೊಂಡರೆ), ಹಲ್ಲಿನ ಹೊತ್ತು 'ಈಗ'ಕ್ಕಿಂತ ಮುಂದಿರುತ್ತೆ. ಸಣ್ಣದರಲ್ಲಿ ದೊಡ್ಡದು ಕಳೆದರೆ ಮೈನಸ್ ಬರಬೇಕು. ಚಿಹ್ನೆ ಇಲ್ಲದ ಸಂಖ್ಯೆಗೆ ಮೈನಸ್ ಗೊತ್ತಿಲ್ಲ, ನಾನೂರು ಕೋಟಿ ದಾಟಿದ ಸಂಖ್ಯೆ ಬರುತ್ತೆ.

ಹಾಗಾಗಿ ಹಲ್ಲಿನ ಹೊತ್ತನ್ನು ಮೊದಲು ಓದಬೇಕು, ಆಮೇಲೆ ಈಗಿನದು. ಇನ್ನೊಂದು ಮಾತು: ಇದು 8 ಬಿಟ್ ಚಿಪ್. ನಾಲ್ಕು ಬೈಟಿನ ಸಂಖ್ಯೆಯನ್ನು ಒಂದೊಂದೇ ಬೈಟ್ ಎತ್ತಿಕೊಳ್ಳುತ್ತೆ. ಎತ್ತಿಕೊಳ್ಳುವಷ್ಟು ಹೊತ್ತು ಇಂಟರಪ್ಟ್ ಬಂದ್ ಮಾಡದಿದ್ದರೆ ಅರ್ಧ ಹಳೇ ಸಂಖ್ಯೆ, ಅರ್ಧ ಹೊಸದು ಕೈಗೆ ಸಿಗುತ್ತೆ. ದಯವಿಟ್ಟು ಇದನ್ನು ಸುಮ್ನೆ ಬಿಡಬೇಡಿ. 3000 ಆರ್‌ಪಿಎಂನಲ್ಲಿ ಹಲ್ಲಿನಿಂದ ಹಲ್ಲಿಗೆ 555 ಮೈಕ್ರೋಸೆಕೆಂಡ್ ಅಷ್ಟೇ.

ಪ್ರತಿ ಸಲ 71 ನಿಮಿಷ ಕಾಯೋದು ಯಾರಿಂದಲೂ ಆಗಲ್ಲ. ಈಗ ನಮ್ಮ ಟೆಸ್ಟ್ ಬಿಲ್ಡ್‌ನಲ್ಲಿ ಕೌಂಟರ್‌ಗೆ ಒಂದು ದೊಡ್ಡ ಸಂಖ್ಯೆ ಕೂಡಿಸಿಯೇ ಓದುತ್ತೇವೆ. ಕೀ ಹಾಕಿದ ಹತ್ತನೇ ಸೆಕೆಂಡಿಗೇ ಅದು ತಿರುಗುತ್ತೆ. ಸ್ಪಾರ್ಕ್, ಇಂಜೆಕ್ಟರ್, ಪಂಪ್, ಹೊತ್ತು ನೋಡುವ ಯಾವ ಸಾಲು ತಪ್ಪಿದ್ದರೂ ಚಹಾ ಆರುವ ಮೊದಲೇ ಸಿಗುತ್ತೆ. ಕಾಯಿಲ್ ಚಾರ್ಜ್ ಮಾಡುವ ಕೋಡಿನಲ್ಲಿ ಇದೇ ತಪ್ಪು ಇನ್ನೊಂದು ಹೀಗೇ ಸಿಕ್ಕಿತು.

ಆಮೇಲೆ ನಡುಮಧ್ಯಾಹ್ನ, ಬೇಕಂತಲೇ ಸುಡುಬಿಸಿಲಲ್ಲಿ, ಹೊಸಪೇಟೆಗೆ ಹೊರಟೆವು. ಚಾಚಾ ಸ್ಟಿಯರಿಂಗ್ ಹಿಡಿದಿದ್ದರು, ನನ್ನ ತೊಡೆ ಮೇಲೆ ಲ್ಯಾಪ್‌ಟಾಪ್. 4292. 4293. 4294. 4295.

"ಬಂತೇನು?" ಅಂದರು ಚಾಚಾ.

"ಹೋತು ಚಾಚಾ."

ಅವರು ಬೇವಿನ ಮರದ ಹತ್ರ ಸ್ಲೋ ಕೂಡ ಮಾಡಲಿಲ್ಲ. ಮುನಿರಾಬಾದ್ ದಾಟಿಸಿಯೇ ನಿಲ್ಲಿಸಿದರು.