ಎಡಮಂಗಲದಲ್ಲಿ ಹೊತ್ತಿದ ಟಾರ್ಚು

ಮಂಗಳೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋದವರೆಲ್ಲ ಹೊಗಳುವುದು ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ 55 ಕಿ.ಮೀ. ಘಾಟಿಯನ್ನು. 57 ಸುರಂಗಗಳು, ಮಂಜು, ಜಲಪಾತ. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಮನಸ್ಸು ನಿಂತದ್ದು ಘಾಟಿಯ ಕೆಳಗೆ, ಯಾರೂ ಫೋಟೊ ತೆಗೆಯದ ಅಡಿಕೆ ತೋಟಗಳ ನಡುವೆ.

ಸಂಜೆ ಮಂಗಳೂರು ಸೆಂಟ್ರಲ್‌ನಲ್ಲಿ ಪ್ಯಾಸೆಂಜರ್ ಹತ್ತಿದೆ. ಬಂಟ್ವಾಳ ದಾಟಿದ ಮೇಲೆ ಸೇತುವೆಯ ಕೆಳಗೆ ನೇತ್ರಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಕಬಕ ಪುತ್ತೂರಿನಲ್ಲಿ ಅರ್ಧ ಬೋಗಿ ಖಾಲಿಯಾಯಿತು. ಎದುರಿನ ಸೀಟಿನ ಹುಡುಗಿ ಮಾತ್ರ ಏಳಲಿಲ್ಲ. ಮಡಿಲಲ್ಲಿ ಒದ್ದೆ ಕೊಡೆ, ಬಾಳೆಎಲೆಯಲ್ಲಿ ಸುತ್ತಿದ ಒಂದು ಚೆಂಡು ಮಲ್ಲಿಗೆ. ಮಂಗಳೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸವಂತೆ.

"ದಿನಾ ಹೋಗಿ ಬರ್ತೀಯಾ?" ಕೇಳಿದೆ.

"ಈಗ ದಿನಾ ಅಕ್ಕ. ಮೊದಲು ಈ ರೈಲು ಪುತ್ತೂರಿಗೇ ನಿಲ್ತಿತ್ತು ಅಲ್ವಾ? ಅಲ್ಲಿ ಇಳಿದ ಮೇಲೆ ಬಸ್ ಸಿಗದಿದ್ರೆ ಎಂತ ಮಾಡುವುದು? ಹಾಗೆ ಪಿಜಿಯಲ್ಲಿದ್ದೆ. ಸಂಬಳದಲ್ಲಿ ಅರ್ಧ ಅಲ್ಲಿಗೇ."

2025ರ ಏಪ್ರಿಲ್‌ನಲ್ಲಿ ಈ ರೈಲನ್ನು ಸುಬ್ರಹ್ಮಣ್ಯ ರೋಡ್‌ವರೆಗೆ ಮುಂದುವರಿಸಿದ್ದನ್ನು ನಾನು ಪೇಪರಿನಲ್ಲಿ ಓದಿ ಸುಮ್ನೆ ಪುಟ ತಿರುಗಿಸಿದ್ದೆ. ಅವಳಿಗೆ ಅದು ದಿನಾ ರಾತ್ರಿ ಅಮ್ಮನ ಕೈ ಊಟ.

ನರಿಮೊಗರು, ಕಾಣಿಯೂರು. ಹೊರಗೆ ಪೂರ್ತಿ ಕತ್ತಲೆ. ಮಳೆಯ ಜೊತೆ ಕಪ್ಪೆಗಳ ಸದ್ದು. ಎಡಮಂಗಲ ಬಂದಾಗ ಅವಳು ಬಾಗಿಲಿಗೆ ಹೋಗಿ ನಿಂತಳು. ಆಚೆ ಒಂದು ಟಾರ್ಚು ಹೊತ್ತಿತು. ಆಮೇಲೆ ಇನ್ನೊಂದು, ಮತ್ತೊಂದು. ಮನೆಯವರನ್ನು ಕರೆದೊಯ್ಯಲು ಬಂದ ಅಪ್ಪಂದಿರು, ಅಣ್ಣಂದಿರು. ಅವಳ ಅಪ್ಪ ಮೊದಲು ಮಗಳ ಕಾಲ ಬುಡಕ್ಕೆ ಬೆಳಕು ಹಿಡಿದರು, ಆಮೇಲೆ ಅವಳ ಚೀಲ ತಗೊಂಡರು. ನನ್ನ ಕಣ್ಣು ತುಂಬಿ ಬಂತು.

ಕೊನೆಯ ಸ್ಟೇಷನ್ ಇರುವುದು ನೆಟ್ಟಣದಲ್ಲಿ. ಕುಕ್ಕೆ ದೇವಸ್ಥಾನಕ್ಕೆ ಅಲ್ಲಿಂದ ಇನ್ನೂ ಸುಮಾರು 12 ಕಿ.ಮೀ. ಇದು ಗೊತ್ತಿಲ್ಲದೆ ಮಳೆಯಲ್ಲಿ ಮುಕ್ಕಾಲು ಗಂಟೆ ನಿಂತೆ. ಕಡೆಗೆ ಸಿಕ್ಕಿದ ಒಂದೇ ಆಟೋದವನು ಕೇಳಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ರಾತ್ರಿ ಹೋಗುವವರು ಗಾಡಿಗೆ ಮೊದಲೇ ಹೇಳಿಡಿ. ರೂಮನ್ನೂ ಬುಕ್ ಮಾಡಿಕೊಳ್ಳಿ.

ಮರುದಿನ ದರ್ಶನ, ಊಟ, ನಿದ್ದೆ. ಅದರ ಮರುದಿನ ಬೆಳಗಿನ ರೈಲಿಗೆ ವಾಪಸ್. ಎಡಮಂಗಲದಲ್ಲಿ ಅವಳು ಕಾಣಲಿಲ್ಲ, ಬೇರೆ ಬೋಗಿ ಹತ್ತಿರಬೇಕು. ಅವಳ ಅಪ್ಪ ಮಾತ್ರ ಕಂಡರು. ಮಡಚಿದ ಕೊಡೆ ಕಂಕುಳಲ್ಲಿಟ್ಟುಕೊಂಡು, ತೋಟದೊಳಗಿನ ಕಾಲುದಾರಿಯಲ್ಲಿ ಮನೆ ಕಡೆ ಹೋಗುತ್ತಿದ್ದರು.