ಹಾಲಿಲ್ಲದ ಅಡುಗೆಮನೆ: ಇಲ್ಲಿಯವರೆಗಿನ ಲೆಕ್ಕ

ಸದ್ಯದ ಸ್ಥಿತಿ ಹೀಗಿದೆ. ಸೋಯಾ ಹಾಲು ಕೈಗೆ ಹತ್ತಿದೆ. ಟೋಫು, ಅಂದರೆ ಸೋಯಾ ಹಾಲು ಒಡೆಸಿ ಮಾಡುವ ಪನೀರಿನಂಥ ಗಡ್ಡೆ, ಸರಿಯಾಗಿ ಗಟ್ಟಿಯಾಗುತ್ತಿದೆ. ಮೊಸರು ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರುತ್ತಿಲ್ಲ. ಬೇಯಿಸಿದ ಕಾಳಿನ ಮೇಲೆ ಬೂಸ್ಟು ಬೆಳೆಸಿ ಮಾಡುವ ಟೆಂಪೆ ಈಗಷ್ಟೇ ಶುರುವಾಗಿದೆ. ಚೀಸ್ ಕೈಬಿಟ್ಟಿದ್ದೇನೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಾಂಸ, ಮೊಟ್ಟೆ ಬಿಡುವುದು ನನಗೆ ದೊಡ್ಡ ಮಾತಾಗಲಿಲ್ಲ. ಪಟ್ಟು ಹಿಡಿದು ಕೂತಿದ್ದು ಹಾಲು. ಅಡುಗೆಮನೆಯಲ್ಲಿ ಅದು ಮಾಡುವ ಕೆಲಸ ಒಂದಲ್ಲ, ನಾಲ್ಕೈದು. ಕಾಫಿಗೆ ಬೆರೆಯುತ್ತದೆ. ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಒಡೆದರೆ ಗಡ್ಡೆಯಾಗುತ್ತದೆ. ಕಡೆದರೆ ಬೆಣ್ಣೆ ಬರುತ್ತದೆ. ಇಷ್ಟಕ್ಕೂ ಒಂದೇ ಬದಲಿ ಹುಡುಕುತ್ತಾ ಹೋದರೆ ಯಾವುದೂ ಒಗ್ಗುವುದಿಲ್ಲ. ಕೆಲಸಕ್ಕೆ ತಕ್ಕ ಕಾಳು ಅಂತ ಇಟ್ಟುಕೊಂಡ ಮೇಲೆ ದಾರಿ ಸಲೀಸಾಯಿತು.

ಹಾಲು ಯಾಕೆ ಬೇಡ, ಸೋಯಾ ಯಾಕೆ

ಮೊದಲ ಕಾರಣ ಹಸು. ಕರು ಹಾಕದೆ ಹಸು ಹಾಲು ಕೊಡುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯ, ಆದರೂ ಲೋಟ ಎತ್ತುವಾಗ ನೆನಪಿಗೆ ಬರುವುದಿಲ್ಲ. ದೊಡ್ಡ ಕೈಗಾರಿಕಾ ಡೈರಿಗಳಲ್ಲಿ ಕರುವನ್ನು ಕೆಲವು ಗಂಟೆ ಅಥವಾ ಕೆಲವು ದಿನಗಳಲ್ಲೇ ತಾಯಿಯಿಂದ ಬೇರೆ ಮಾಡುತ್ತಾರೆ. ಗಂಡು ಕರುವಿನಿಂದ ಡೈರಿಗೆ ಉಪಯೋಗವಿಲ್ಲ. ಹಾಲು ನಿಲ್ಲದಿರಲಿ ಅಂತ ಹಸುವನ್ನು ಹೆಚ್ಚು ಕಡಿಮೆ ಪ್ರತಿ ವರ್ಷ ಗಬ್ಬ ಮಾಡಿಸುತ್ತಾರೆ. 20 ವರ್ಷದವರೆಗೂ ಬದುಕಬಲ್ಲ ಪ್ರಾಣಿ ಇಂಥ ಕಡೆ ಐದಾರು ವರ್ಷಕ್ಕೇ ಲೆಕ್ಕದಿಂದ ಹೊರಗೆ.

ಎರಡನೆಯದು ಹವಾಮಾನ. ಇಲ್ಲಿ ನಾನು ಮತ್ತೆ ಮತ್ತೆ ತೆಗೆದು ನೋಡುವುದು 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ ಅವರ ಅಧ್ಯಯನ. 119 ದೇಶಗಳ ಸುಮಾರು 38,700 ಹೊಲಗಳ ಮಾಹಿತಿ ಅದರಲ್ಲಿದೆ. ಅದರ ಪ್ರಕಾರ ಒಂದು ಲೀಟರ್ ಹಸುವಿನ ಹಾಲಿನ ಹಿಂದೆ ಸರಾಸರಿ 3.2 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಹೊರಬೀಳುತ್ತದೆ. ಸೋಯಾ ಹಾಲಿಗೆ ಸುಮಾರು 1 ಕಿಲೋ. ಓಟ್ಸ್ ಹಾಲಿಗೆ 0.9. ಬಾದಾಮಿ ಹಾಲಿಗೆ 0.7.

ಹಾಗಾದರೆ ಬಾದಾಮಿಯೇ ಗೆದ್ದಿತು, ಅಲ್ವಾ? ನೀರಿನ ಸಾಲು ನೋಡಿದರೆ ಮಾತು ಬದಲಾಗುತ್ತದೆ. ಒಂದು ಲೀಟರ್ ಬಾದಾಮಿ ಹಾಲಿಗೆ 371 ಲೀಟರ್ ನೀರು ಬೇಕು. ಅಕ್ಕಿ ಹಾಲಿಗೆ 270. ಓಟ್ಸ್‌ಗೆ 48, ಸೋಯಾಗೆ 28. ಹಸುವಿನ ಹಾಲಿಗೆ 628. ಜಾಗದ ಲೆಕ್ಕದಲ್ಲೂ ಹಸುವಿನ ಹಾಲಿಗೆ ಸುಮಾರು 9 ಚದರ ಮೀಟರ್ ಬೇಕಾದರೆ ಸೋಯಾಗೆ ಒಂದಕ್ಕಿಂತ ಕಡಿಮೆ ಸಾಕು. ಎಲ್ಲ ಸಾಲುಗಳಲ್ಲೂ ಮೊದಲಿಗ ಅಲ್ಲದಿದ್ದರೂ ಎಲ್ಲೂ ಕೈಕೊಡದ ಕಾಳು ಸೋಯಾ. ಪ್ರೋಟೀನ್ ವಿಷಯದಲ್ಲಂತೂ ಹಸುವಿನ ಹಾಲಿನ ಹತ್ತಿರ ಬರುವುದು ಇವುಗಳಲ್ಲಿ ಅದೊಂದೇ. 100 ಮಿಲಿಲೀಟರ್‌ಗೆ 3 ಗ್ರಾಂ ಆಸುಪಾಸು. ಅಕ್ಕಿ ಹಾಲಿನಲ್ಲಿ ಅದರ ಹತ್ತನೇ ಒಂದು ಪಾಲೂ ಕಷ್ಟ.

"ಸೋಯಾಗಾಗಿ ಅಮೆಜಾನ್ ಕಾಡು ಕಡಿಯುತ್ತಾರಲ್ಲ" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕಡಿಯುವುದು ನಿಜ. ಆದರೆ ಜಗತ್ತಿನ ಸೋಯಾ ಬೆಳೆಯ ಮುಕ್ಕಾಲು ಪಾಲು ಹೋಗುವುದು ಕೋಳಿ, ಹಂದಿ, ದನಗಳ ಮೇವಿಗೆ. ಟೋಫು, ಸೋಯಾ ಹಾಲಿನಂಥ ಮನುಷ್ಯರ ಆಹಾರಕ್ಕೆ ನೇರವಾಗಿ ಬರುವುದು ಸಣ್ಣ ಚೂರು. ದೂರದಿಂದ ಬರುವ ಕಾಳು ಅನ್ನುವ ಆಕ್ಷೇಪವೂ ಅಷ್ಟು ನಿಲ್ಲುವುದಿಲ್ಲ. ಆಹಾರದಿಂದ ಆಗುವ ಒಟ್ಟು ಹೊರಸೂಸುವಿಕೆಯಲ್ಲಿ ಸಾಗಣೆಯ ಪಾಲು ಸುಮಾರು ಶೇ. 6 ಮಾತ್ರ. ತಟ್ಟೆಯಲ್ಲಿ ಏನಿದೆ ಅನ್ನುವುದೇ ಮುಖ್ಯ. ದನದ ಹೊಟ್ಟೆಯಿಂದ ತೇಗಿನ ಜೊತೆ ಬರುವ ಮೀಥೇನ್ 20 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಬಿಸಿ ಹಿಡಿಯುತ್ತದೆ. ಆದರೆ ಗಾಳಿಯಲ್ಲಿ ಅದರ ಆಯುಷ್ಯ ಸುಮಾರು 12 ವರ್ಷ. ಅಂದರೆ ಇವತ್ತು ಕಡಿಮೆ ಮಾಡಿದರೆ ಫಲ ಬೇಗ ಕಾಣುತ್ತದೆ. ನನಗೆ ಹುರುಪು ಕೊಡುವ ಅಂಶ ಇದು.

ಸೋಯಾ ಹಾಲು: ಕೈಗೆ ಹತ್ತಿದೆ

ಇಲ್ಲಿ ಇಡೀ ಹೋರಾಟ ಹಸಿ ವಾಸನೆಯ ಜೊತೆ. ಸೋಯಾ ಕಾಳಿನಲ್ಲಿ ಲಿಪಾಕ್ಸಿಜಿನೇಸ್ ಅನ್ನುವ ಕಿಣ್ವ ಇದೆ. ಕಾಳು ಒಡೆದು ನೀರು, ಗಾಳಿ ತಾಗಿದ ಕೂಡಲೇ ಅದು ಕಾಳಿನ ಎಣ್ಣೆಯ ಮೇಲೆ ಕೆಲಸ ಶುರು ಮಾಡುತ್ತದೆ. ಆಗ ಹುಟ್ಟುವ ಹೆಕ್ಸನಲ್‌ನಂಥ ವಸ್ತುಗಳೇ ಆ ಹುಲ್ಲು-ಹುಲ್ಲು ವಾಸನೆಗೆ ಕಾರಣ. ಒಮ್ಮೆ ವಾಸನೆ ಹುಟ್ಟಿದ ಮೇಲೆ ಎಷ್ಟು ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ವೆನಿಲಾ ಹಾಕಿ ಮುಚ್ಚುವುದು ಸುಮ್ನೆ ಸಮಾಧಾನಕ್ಕೆ.

ಉಪಾಯ ಇರುವುದು ರುಬ್ಬುವ ಹೊತ್ತಿನಲ್ಲಿ. ತಣ್ಣೀರು ಬೇಡ. 80 ಡಿಗ್ರಿಗಿಂತ ಬಿಸಿಯಾದ ನೀರಿನಲ್ಲಿ ರುಬ್ಬಿದರೆ ಕಿಣ್ವ ಕೆಲಸ ಶುರು ಮಾಡುವ ಮೊದಲೇ ಸಾಯುತ್ತದೆ. ನನ್ನ ಈಗಿನ ಕ್ರಮ: ಕಾಳನ್ನು ರಾತ್ರಿ ನೆನೆಸುವುದು, ಬೆಳಿಗ್ಗೆ ನೀರು ಚೆಲ್ಲಿ ಕುದಿಯುವ ನೀರಿನಲ್ಲಿ ಐದು ನಿಮಿಷ ಬಿಡುವುದು, ಆಮೇಲೆ ಹೊಸ ಬಿಸಿ ನೀರಿನ ಜೊತೆ ಸ್ವಲ್ಪ ಸ್ವಲ್ಪವಾಗಿ ರುಬ್ಬುವುದು. ಬಿಸಿ ತಡೆಯುವ ಜಾರ್ ಇರಬೇಕು, ಹಬೆ ಹೊರಹೋಗಲು ಮುಚ್ಚಳ ಸ್ವಲ್ಪ ಸಡಿಲವಿರಬೇಕು, ಇಲ್ಲದಿದ್ದರೆ ಕೈ ಸುಡುತ್ತದೆ. ಹಾಲು ಕೊಂಚ ತೆಳ್ಳಗೆ ಬರುತ್ತದೆ, ಏಕೆಂದರೆ ಬಿಸಿಗೆ ಪ್ರೋಟೀನಿನ ಒಂದಷ್ಟು ಪಾಲು ಕಾಳಿನಲ್ಲೇ ಉಳಿದುಬಿಡುತ್ತದೆ. ವಾಸನೆ ಇಲ್ಲದ್ದಕ್ಕೆ ಆ ನಷ್ಟ ನನಗೆ ಒಪ್ಪಿಗೆ.

ಕುಡಿಯಲು ಒಂದು ಪಾಲು ಒಣ ಕಾಳಿಗೆ ತೂಕದಲ್ಲಿ ಎಂಟರಿಂದ ಹತ್ತು ಪಾಲು ನೀರು. ಬಟ್ಟೆಯಲ್ಲಿ ಹಿಂಡಿದ ಮೇಲೆ ಇನ್ನೂ ಹತ್ತು ಹದಿನೈದು ನಿಮಿಷ ಕುದಿಸಲೇಬೇಕು. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಟ್ರಿಪ್ಸಿನ್ ಪ್ರತಿಬಂಧಕಗಳಿವೆ. ಅವು ಬಗ್ಗುವುದು ಕುದಿಗೆ ಮಾತ್ರ. ಇಲ್ಲೊಂದು ಮೋಸವಿದೆ. ಪೂರ್ತಿ ಕುದಿ ಬರುವ ಮೊದಲೇ ನೊರೆ ಎದ್ದು ಉಕ್ಕಲು ನೋಡುತ್ತದೆ. ಕಾಳಿನಲ್ಲಿರುವ, ನೊರೆ ಎಬ್ಬಿಸುವ ಸಪೋನಿನ್‌ಗಳ ಆಟ ಅದು. ನೊರೆ ನೋಡಿ ಒಲೆ ಆರಿಸಿದರೆ ಹಾಲು ಇನ್ನೂ ಬೆಂದಿರುವುದಿಲ್ಲ. ಅಗಲ ಪಾತ್ರೆ, ಸಣ್ಣ ಉರಿ, ಪಕ್ಕದಲ್ಲಿ ನಿಲ್ಲುವ ತಾಳ್ಮೆ ಬೇಕು.

ಉಳಿಯುವ ಹಿಪ್ಪೆ ಜಾಸ್ತಿಯೇ. ನಾರಿನಂಶ ತುಂಬಾ ಇದೆ, ಬಿಸಾಡಲು ಮನಸ್ಸು ಬರುವುದಿಲ್ಲ. ಬೇಗ ಹುಳಿಯುತ್ತದೆ, ಹಾಗಾಗಿ ಅವತ್ತೇ ಹಿಟ್ಟಿಗೆ ಕಲಸಬೇಕು ಅಥವಾ ಫ್ರೀಜರ್‌ಗೆ ಹಾಕಬೇಕು.

ಕಾಫಿ

ಸೋಯಾ ಹಾಲು ಕಾಫಿಯಲ್ಲಿ ಒಡೆಯುತ್ತದೆ ಅನ್ನುವ ದೂರು ಸರಿಯಾದದ್ದೇ. ಕಾಫಿಯ ಪಿಎಚ್, ಅಂದರೆ ಹುಳಿಯ ಅಳತೆ, ಸುಮಾರು 5. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಸೋಯಾ ಪ್ರೋಟೀನ್ ಗಂಟು ಕಟ್ಟುವುದು 4.5ರ ಹತ್ತಿರ. ಜೊತೆಗೆ ಬಿಸಿ ಬೇರೆ. ಅಂಚಿನಲ್ಲಿ ನಿಂತ ಪ್ರೋಟೀನ್ ಒಂದು ತಳ್ಳಿಗೆ ಬಿದ್ದುಬಿಡುತ್ತದೆ. ಅಂಗಡಿಯ ಪ್ಯಾಕೆಟ್‌ಗಳಲ್ಲಿ ಇದಕ್ಕೆಂದೇ ಹುಳಿ ತಗ್ಗಿಸುವ ಡೈಪೊಟ್ಯಾಸಿಯಂ ಫಾಸ್ಫೇಟ್ ಸೇರಿಸಿರುತ್ತಾರೆ. ಮನೆಯಲ್ಲಿ ಕೆಲಸ ಮಾಡಿದ್ದು: ಹಾಲನ್ನೂ ಬಿಸಿ ಮಾಡಿಕೊಂಡು ಲೋಟಕ್ಕೆ ಹಾಕಿ, ಅದರ ಮೇಲೆ ಕಾಫಿಯನ್ನು ನಿಧಾನ ಸುರಿಯುವುದು. ಹುಳಿ ಜಾಸ್ತಿ ಇರುವ ತೆಳು ಹುರಿತದ ಪುಡಿಗೆ ಚಿಟಿಕೆಯಲ್ಲೂ ಚಿಕ್ಕ ಚಿಟಿಕೆ ಅಡುಗೆ ಸೋಡಾ. ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ.

ಓಟ್ಸ್ ಹಾಲನ್ನೂ ನೋಡಿದೆ. ತಣ್ಣಗೆ ಚೆನ್ನ, ಬಿಸಿ ಮಾಡಿದರೆ ಲೋಳೆ. ಓಟ್ಸ್‌ನ ಪಿಷ್ಟ ಬಿಸಿಗೆ ಅಂಟಾಗುವುದು ಸಹಜ. ಕಾರ್ಖಾನೆಗಳಲ್ಲಿ ಕಿಣ್ವ ಹಾಕಿ ಆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಾರೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ರಿಕಾರ್ಡ್ ಓಸ್ಟೆ 1990ರ ದಶಕದಲ್ಲಿ ಸಾಧಿಸಿದ್ದು ಇದನ್ನೇ. ಪ್ಯಾಕೆಟ್ ಓಟ್ಸ್ ಹಾಲಿನ ಸಿಹಿ ಬಂದಿದ್ದೂ ಅಲ್ಲಿಂದ. ಮನೆಯಲ್ಲಿ ಅಷ್ಟು ದೂರ ಹೋಗುವ ಉಮೇದು ನನಗಿಲ್ಲ.

ಮೊಸರು: ಇನ್ನೂ ಕಾಡುತ್ತಿದೆ

ಹೆಚ್ಚು ಹೊತ್ತು ತಿಂದಿದ್ದೂ, ಹೆಚ್ಚು ಕಲಿಸಿದ್ದೂ ಇದು. ಸೋಯಾ ಹಾಲು ಹೆಪ್ಪುಗಟ್ಟುತ್ತದೆ, ಅದರಲ್ಲಿ ಅನುಮಾನವಿಲ್ಲ. ತೊಂದರೆ ಎರಡನೇ, ಮೂರನೇ ಪೀಳಿಗೆಯದು. ಮೊದಲ ಸಲ ಹೊಸ ಹೆಪ್ಪು ಹಾಕಿದಾಗ ಗಟ್ಟಿಯಾಗಿ, ಹದವಾದ ಹುಳಿಯಲ್ಲಿ ಬರುತ್ತದೆ. ಅದರಿಂದಲೇ ಒಂದು ಚಮಚ ತೆಗೆದು ಮುಂದಿನದಕ್ಕೆ ಹಾಕುತ್ತಾ ಹೋದರೆ ಸಪ್ಪೆಯಾಗುತ್ತಾ, ನೀರು ಬಿಡುತ್ತಾ ಬರುತ್ತದೆ.

ಕಾರಣ ಸಕ್ಕರೆಯಲ್ಲಿದೆ. ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್ ಇದೆ. ಮೊಸರಿನ ಹೆಪ್ಪಿನಲ್ಲಿ ಸಾಮಾನ್ಯವಾಗಿ ಇರುವ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್ ಅನ್ನುವ ಬ್ಯಾಕ್ಟೀರಿಯಾ ಎರಡೂ ಅದನ್ನು ತಿಂದು, ಒಂದಕ್ಕೊಂದು ನೆರವಾಗಿ ಬೆಳೆಯುತ್ತವೆ. ಸೋಯಾದಲ್ಲಿ ಲ್ಯಾಕ್ಟೋಸ್ ಇಲ್ಲ. ಇರುವುದು ಸುಕ್ರೋಸ್ ಅಂದರೆ ನಾವು ಬಳಸುವ ಸಕ್ಕರೆಯೇ, ಮತ್ತೆ ರಾಫಿನೋಸ್, ಸ್ಟಾಕಿಯೋಸ್. ಸ್ಟ್ರೆಪ್ಟೋಕಾಕಸ್‌ಗೆ ಸುಕ್ರೋಸ್ ನಡೆಯುತ್ತದೆ. ಬಲ್ಗಾರಿಕಸ್‌ಗೆ ಅದು ಅಷ್ಟಾಗಿ ಒಗ್ಗುವುದಿಲ್ಲ, ಅದು ಹಿಂದೆ ಬೀಳುತ್ತದೆ. ಜೋಡಿ ಮುರಿಯುತ್ತದೆ, ರುಚಿಯೂ ಮುರಿಯುತ್ತದೆ.

ಸದ್ಯದ ಪರಿಹಾರ: ಕಾಳಿಗೆ ಆರು ಪಾಲು ಮಾತ್ರ ನೀರು ಹಾಕಿ ದಪ್ಪ ಹಾಲು ತೆಗೆಯುವುದು. ಲೀಟರ್‌ಗೆ ಒಂದು ಚಮಚ ಸಕ್ಕರೆ. 42 ಡಿಗ್ರಿಯಲ್ಲಿ ಆರೇಳು ಗಂಟೆ. ಮೊದಲ ಗಟ್ಟಿ ಮೊಸರನ್ನು ಐಸ್ ತಟ್ಟೆಯಲ್ಲಿ ಹಾಕಿ ಹೆಪ್ಪಿನ ಗಡ್ಡೆ ಮಾಡಿಟ್ಟುಕೊಂಡಿದ್ದೇನೆ. ಪ್ರತಿ ಸಲ ಅದರಿಂದ ಒಂದು ತೆಗೆದರೆ ಎಲ್ಲ ಮೊಸರೂ ಮೊದಲ ಪೀಳಿಗೆಗೆ ಹತ್ತಿರವೇ ಇರುತ್ತದೆ. ಇದರಿಂದ ಸುಧಾರಿಸಿದೆ. ಆದರೂ ಕೆಲವು ಸಲ ಮೇಲೆ ನೀರು ನಿಲ್ಲುತ್ತದೆ. ನನ್ನ ಅನುಮಾನ ಕಾವಿನ ಏರಿಳಿತದ ಮೇಲೆ. ಒಂದೇ ಕಾವು ಹಿಡಿಯುವ ಡಬ್ಬಿ ಸಿಕ್ಕ ಮೇಲೆ ಗೊತ್ತಾಗಬೇಕು.

ಟೋಫು, ಚೀಸ್

ಟೋಫು ಮೇಲೆ ನನಗೆ ಈಗ ಪ್ರೀತಿ. ಕೆಲಸ ಕಡಿಮೆ, ಫಲ ಜಾಸ್ತಿ. ಕುದಿಸಿದ ಹಾಲು 75 ಡಿಗ್ರಿಗೆ ಇಳಿದ ಮೇಲೆ ಲೀಟರ್‌ಗೆ ಮೂರು ನಾಲ್ಕು ಗ್ರಾಂ ಆಹಾರ ದರ್ಜೆಯ ಜಿಪ್ಸಮ್, ಸ್ವಲ್ಪ ನೀರಿನಲ್ಲಿ ಕಲಕಿ ಹಾಕುವುದು. ಒಂದೆರಡು ಸುತ್ತು ತಿರುಗಿಸಿ, ಆಮೇಲೆ ಮುಟ್ಟದೆ ಬಿಡುವುದು. ನಿಂಬೆ ರಸದಲ್ಲೂ ಒಡೆಯುತ್ತದೆ, ಆದರೆ ಹರಳು ಹರಳಾಗಿ, ಹುಳಿಯಾಗಿ. ನಿಗಾರಿ ಅಂದರೆ ಮೆಗ್ನೀಸಿಯಂ ಕ್ಲೋರೈಡ್‌ಗೆ ಸಿಹಿ ಜಾಸ್ತಿ, ಆದರೆ ಬೇಗ ಹಿಡಿದುಕೊಳ್ಳುತ್ತದೆ, ಕೈ ಚುರುಕಿರಬೇಕು. ನಾನು ಜಿಪ್ಸಮ್‌ಗೆ ನಿಂತಿದ್ದೇನೆ. ಅದು ಕ್ಯಾಲ್ಸಿಯಂ ಸಲ್ಫೇಟ್. ಮನೆಯ ಸೋಯಾ ಹಾಲಿನಲ್ಲಿ ಕ್ಯಾಲ್ಸಿಯಂ ಹಸುವಿನ ಹಾಲಿನ ಕಾಲು ಪಾಲಿನಷ್ಟೂ ಇರುವುದಿಲ್ಲ. ಆ ಕೊರತೆ ಟೋಫುವಿನಲ್ಲಿ ತುಂಬುತ್ತದೆ.

ಚೀಸ್ ವಿಷಯ ಚಿಕ್ಕದು. ಹಾಲಿನ ಕೇಸಿನ್ ಪ್ರೋಟೀನ್ ಕ್ಯಾಲ್ಸಿಯಂ ಜೊತೆ ಸೇರಿ ಮಾಡುವ ಜಾಲದಿಂದಲೇ ಚೀಸ್ ಕರಗುತ್ತದೆ, ಎಳೆ ಎಳೆಯಾಗಿ ಹಿಗ್ಗುತ್ತದೆ. ಕಾಳುಗಳಲ್ಲಿ ಕೇಸಿನ್ ಇಲ್ಲ. ಪಿಷ್ಟ, ತೆಂಗಿನ ಎಣ್ಣೆ ಬೆರೆಸಿ ನಟನೆ ಮಾಡಿಸಬಹುದು. ಅಷ್ಟು ಪಾಡು ಪಡುವುದಕ್ಕಿಂತ ಚೀಸ್ ಇಲ್ಲದ ಊಟ ವಾಸಿ.

ನಡುವೆ ಒಂದು ಖುಷಿ

ಮೊಟ್ಟೆ ಬಿಟ್ಟ ಮೇಲೆ ಕೇಕಿನ ನೊರೆಗೆ ಏನು ಅನ್ನುವ ಪ್ರಶ್ನೆ ಇತ್ತು. ಉತ್ತರ ಕಾಬೂಲಿ ಕಡಲೆ ಬೇಯಿಸಿದ ನೀರು. 2014ರಲ್ಲಿ ಫ್ರಾನ್ಸಿನ ಗಾಯಕ ಜೋಯೆಲ್ ರೊಸೆಲ್ ಕಾಳಿನ ನೀರು ಮೊಟ್ಟೆಯ ಬಿಳಿಯ ಹಾಗೆ ನೊರೆಯೇಳುತ್ತದೆ ಅಂತ ತೋರಿಸಿದರು. ಮರುವರ್ಷ ಅಮೆರಿಕದ ಗೂಸ್ ವೋಲ್ಟ್ ಅದಕ್ಕೆ ಆಕ್ವಾಫಾಬಾ ಅಂತ ಹೆಸರಿಟ್ಟರು. ಇಬ್ಬರೂ ಆಹಾರ ವಿಜ್ಞಾನಿಗಳಲ್ಲ ಅನ್ನುವುದು ನನಗೆ ತುಂಬಾ ಇಷ್ಟ. ನೀರು ತೆಳುವಾಗಿದ್ದರೆ ನೊರೆ ನಿಲ್ಲುವುದಿಲ್ಲ. ಲೋಳೆಯ ಹದಕ್ಕೆ ಬತ್ತಿಸಿ, ತಣ್ಣಗಾದ ಮೇಲೆ ಕಡೆಯಬೇಕು.

ದೇಹದ ಲೆಕ್ಕ

ಹಾಲು ಬಿಟ್ಟ ಮಾತ್ರಕ್ಕೆ ಆರೋಗ್ಯ ಬರುವುದಿಲ್ಲ. ಕರಿದ ತಿಂಡಿ, ಸಕ್ಕರೆ ನೀರು ಎರಡೂ ಸಸ್ಯಜನ್ಯವೇ. ಕಾಳು, ಇಡೀ ಧಾನ್ಯ, ತರಕಾರಿ, ಬೀಜ ಸೇರಿದರೆ ಮಾತ್ರ ಲಾಭ.

ವಿಟಮಿನ್ ಬಿ12 ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾ, ಗಿಡಗಳಲ್ಲ. ಸ್ಪಿರುಲಿನಾ ಅನ್ನುವ ಪಾಚಿಯಲ್ಲಿ ಇರುವುದು ಹೆಚ್ಚಾಗಿ ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ರೂಪ. ದೊಡ್ಡವರಿಗೆ ದಿನಕ್ಕೆ 2.4 ಮೈಕ್ರೋಗ್ರಾಂ ಬೇಕು ಅನ್ನುತ್ತದೆ ಅಮೆರಿಕದ ಮಾರ್ಗಸೂಚಿ. ಯಕೃತ್ತಿನಲ್ಲಿ ವರ್ಷಗಟ್ಟಲೆ ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಕಾಣಿಸುತ್ತದೆ, ಅಷ್ಟರಲ್ಲಿ ನರಗಳಿಗೆ ಪೆಟ್ಟು ಬಿದ್ದಿರಬಹುದು. ಮಾತ್ರೆ ತೆಗೆದುಕೊಳ್ಳುತ್ತೇನೆ. ಅಯೋಡಿನ್‌ಗೆ ಅಯೋಡಿನ್ ಉಪ್ಪು, ಒಮೇಗಾ-3ಕ್ಕೆ ಪುಡಿ ಮಾಡಿದ ಅಗಸೆ ಬೀಜ. ಕಬ್ಬಿಣದ ಅಂಶಕ್ಕೆ ಕಾಳಿನ ಜೊತೆ ನಿಂಬೆ ಹಿಂಡುವುದು, ಕಾಫಿಯನ್ನು ಊಟದಿಂದ ದೂರ ಇಡುವುದು.

ಟೆಂಪೆ: ಶುರುವಾಗಿದೆ

ಜಾವಾದಿಂದ ಬಂದ ತಿನಿಸು. ಬೇಯಿಸಿದ ಕಾಳಿನ ಮೇಲೆ ರೈಜೋಪಸ್ ಬೂಸ್ಟು ಬೆಳೆಸಿ ಒಂದೇ ಗಟ್ಟಿ ತುಂಡಾಗಿಸುವುದು. ಸಿಪ್ಪೆ ತೆಗೆದು, ಬೇಯಿಸಿ, ಮೇಲಿನ ನೀರೆಲ್ಲ ಆರಿಸಿ, ಸ್ವಲ್ಪ ವಿನೆಗರ್ ಮತ್ತು ಬೂಸ್ಟಿನ ಪುಡಿ ಕಲಸಿ, ತೂತು ಮಾಡಿದ ಚೀಲದಲ್ಲಿ 30-32 ಡಿಗ್ರಿಯಲ್ಲಿ ಇಡಬೇಕು. ಅರ್ಧ ದಿನ ಕಳೆದ ಮೇಲೆ ಅದೇ ಬಿಸಿ ಹುಟ್ಟಿಸಿಕೊಳ್ಳುತ್ತದೆ, ಆಗ ಹೊರಗಿನ ಕಾವು ತೆಗೆಯಬೇಕು. ಮೊದಲ ತುಂಡು ಬೆಳ್ಳಗೆ, ಅಣಬೆಯ ಪರಿಮಳದಲ್ಲಿ ಬಂತು. ತೂತುಗಳ ಹತ್ತಿರ ಕಪ್ಪು ಚುಕ್ಕೆ ಇತ್ತು. ಅದು ಬೀಜಕಣ, ತಿಂದರೆ ಏನೂ ಆಗುವುದಿಲ್ಲ. ಅಮೋನಿಯಾ ವಾಸನೆ ಬಂದರೆ ಅಥವಾ ಕೆಂಪು, ಹಸಿರು ಬಣ್ಣ ಕಂಡರೆ ಮಾತ್ರ ಎಸೆಯಬೇಕು.

ಬೇಜಾರಿನ ಕೆಲಸ ಸಿಪ್ಪೆ ತೆಗೆಯುವುದು. ಕಾಳನ್ನು ಎಷ್ಟು ಉಜ್ಜಿದರೂ ಒಂದಷ್ಟು ಉಳಿದೇ ಇರುತ್ತದೆ. ಅದಕ್ಕೇ ಮುಂದಿನ ಸಲ ಸಿಪ್ಪೆ ತೆಗೆದು ಒಡೆದ ಬೇಳೆಯಲ್ಲೇ ಮಾಡಲಿದ್ದೇನೆ. ಬೇಳೆ ಬೇಗ ಕರಗುತ್ತದೆ, ಆದ್ದರಿಂದ ಪೂರ್ತಿ ಬೇಯಿಸುವುದಿಲ್ಲ, ಕಚ್ಚಿದರೆ ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ಇಳಿಸುವ ಯೋಚನೆ. ಪುಡಿ ಇನ್ನೆರಡು ಸಲಕ್ಕೆ ಆಗುವಷ್ಟಿದೆ.