ಎಸಿ ಗ್ಯಾಸ್ ಮತ್ತು ಕಿಗಾಲಿ

ಮೊನ್ನೆ ಕಲಬುರಗಿಯ ನಮ್ಮ ಮನೆಯ ಎಸಿ ಬರೀ ಗಾಳಿ ಬಿಡತೊಡಗಿತು. "ಗ್ಯಾಸ್ ಲೀಕ್ ಆಗ್ಯಾದ್ರಿ, ತುಂಬಿಸ್ತೀನಿ" ಅಂದ ಮೆಕ್ಯಾನಿಕ್. ಮೊದಲು ಲೀಕ್ ಹುಡುಕಪ್ಪಾ ಅಂದೆ. ಒಳಗಿರುವುದು ಆರ್-410ಎ ಅನ್ನೋ ಗ್ಯಾಸ್. ಒಂದು ಕೆಜಿ ಸೋರಿದರೆ, ಭೂಮಿ ಬಿಸಿಯಾಗುವ ಲೆಕ್ಕದಲ್ಲಿ, ಸುಮಾರು 2,000 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಟ್ಟ ಹಾಗೆ! ಓಝೋನ್‌ಗೆ ಕೇಡಿಲ್ಲ ಅಂತ ಇದನ್ನು ತಂದಿದ್ದರು. ಒಂದು ಕಾಟ ಹೋಗಿ ಇನ್ನೊಂದು ಬಂತು, ಅಲ್ವಾ?

ಇಂಥ ಗ್ಯಾಸ್ ಕಡಿಮೆ ಮಾಡಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಒಪ್ಪಿದವು. ಭಾರತ 2021ರಲ್ಲಿ ಸೇರಿತು. ನಮ್ಮ ಕಡಿತ 2032ರಿಂದ ಶುರು, 2047ಕ್ಕೆ ಶೇ. 85. ಅಲ್ಲಿವರೆಗೆ ಈ ಎಸಿ ಬಾಳುವುದಿಲ್ಲ ಬಿಡಿ. ಮುಂದಿನದು ಈ ಕಾಟ ತೀರಾ ಕಡಿಮೆಯಿರುವ ಆರ್-290, ಅಂದರೆ ಪ್ರೊಪೇನ್, ಇರುವುದೇ ಬೇಕು ಅಂತ ಹುಡುಕುತ್ತಿದ್ದೇನೆ.

"ಸಿಲಿಂಡರ್ ಗ್ಯಾಸ್ ಏನ್ರೀ ಅದು?" ಅಂದಳು ಹೆಂಡತಿ. ಹೆಚ್ಚುಕಡಿಮೆ ಅದೇ. ಅವಳಿನ್ನೂ ಒಪ್ಪಿಲ್ಲ.